ಕೈಗುಣ ಸಾಕು ಎನ್ನುವವರಿಗೆ

ದೀಪಾವಳಿಗೆ ಹಾವೇರಿಗೆ ಹೋಗಿದ್ದೆ. ಅಕ್ಕನ ಮಗ ಎಂ.ಡಿ. ಮೊದಲ ವರ್ಷದಲ್ಲಿದ್ದಾನೆ. ರಾತ್ರಿ ಊಟವಾದ ಮೇಲೆ ಹತ್ತಿರ ಬಂದು ಕೂತು, ‘ಮಾಮಾ, ಸಿನಾಪ್ಸಿಸ್ ಕೊಡೂದೈತಿ. ಬರದು ಕೊಡಾವ್ರು ಯಾರರೆ ಗೊತ್ತದಾರೇನು?’ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನಮ್ಮ ಬೀಗರು ಅವನ ಬೆನ್ನು ತಟ್ಟಿದರು. ಅವರು ಮೂವತ್ತು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿರುವ ವೈದ್ಯರು. ‘ಅದೊಂದು ಶಾಸ್ತ್ರ ಮುಗಿಸಿಬಿಡಪಾ. ಡಾಕ್ಟರಗ ಕೈಗುಣ ಇದ್ದರ ಸಾಕು. ಥೀಸಿಸ್‌ನಿಂದ ಪೇಷಂಟಿಗೆ ಏನ್ ಆಗೂದೈತಿ?’ ಎಂದರು. ಮನೆಮಂದಿಯೆಲ್ಲ ಹೌದೌದು ಎಂದರು.

ಆ ಹೌದೌದು ಹಾವೇರಿಯದೊಂದೇ ಅಲ್ಲ. ನಾನು ಗುಜರಾತಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗಳ ಲೆಕ್ಕ ನೋಡಿಕೊಡುತ್ತೇನೆ. ವಡೋದರಾದ ಗೋರ್ವಾದಲ್ಲಿ ಮನೆ ಮಾಡಿ ಇಪ್ಪತ್ತೆರಡು ವರ್ಷವಾಯಿತು. ಇಲ್ಲಿಯೂ ಜನ ಒಳ್ಳೆಯ ಡಾಕ್ಟರನ್ನು ಹೊಗಳುವಾಗ ‘ಅವರ ಹಾಥ್ ಮಾ ಜಶ್ ಛೆ’ ಅನ್ನುತ್ತಾರೆ, ಅವರ ಕೈಯಲ್ಲಿ ಯಶಸ್ಸಿದೆ ಎಂದು. ಇಲ್ಲಿಯೂ ಸ್ಟಾಫ್‌ರೂಮಿನಲ್ಲಿ, ಸಮ್ಮೇಳನದ ಊಟದ ಸಾಲಿನಲ್ಲಿ ಅದೇ ಮಾತು: ವೈದ್ಯನ ಕೆಲಸ ರೋಗಿ ನೋಡುವುದು, ಹೊಸ ಔಷಧಿ ಕಂಡುಹಿಡಿಯುವುದು ಕಂಪನಿಯವರ ಕೆಲಸ, ಸಂಶೋಧನೆ ಬೇಕಿದ್ದವರು ದೊಡ್ಡ ಸಂಸ್ಥೆಗೆ ಹೋಗಲಿ, ಹೇಗಿದ್ದರೂ ಥೀಸಿಸ್‌ಗಳೆಲ್ಲ ನಕಲು, ಆದ್ದರಿಂದ ತೆಗೆದುಹಾಕಿ. ಹೀಗೆ ಹೇಳುವವರು ಕೆಟ್ಟವರಲ್ಲ. ಬಹುಪಾಲು ಜನ ರಾತ್ರಿಯೆಲ್ಲ ನಿದ್ದೆಗೆಟ್ಟು ರೋಗಿಗಳನ್ನು ಉಳಿಸಿದವರು. ಅದಕ್ಕೇ ಅವರ ಮಾತಿಗೆ ತೂಕ ಬಂದಿದೆ, ಅದಕ್ಕೇ ಅದನ್ನು ಎದುರಿಸಬೇಕಾಗಿದೆ. ಆ ಅಭಿಪ್ರಾಯ ಬುಡದಿಂದಲೇ ತಪ್ಪು, ಮತ್ತು ಅದಕ್ಕೆ ಬೆಲೆ ತೆರುತ್ತಿರುವವರು ರೋಗಿಗಳು.

ನಾನಿರುವ ಬಡಾವಣೆಯಿಂದಲೇ ಶುರು ಮಾಡುತ್ತೇನೆ. ಗೋರ್ವಾ ಎಂದರೆ ಅಲೆಂಬಿಕ್ ಕಾರ್ಖಾನೆ. ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಸಿಗುವ ಆಲ್ತ್ರೋಸಿನ್, ಅಝಿಥ್ರಾಲ್ ಈ ಕಂಪನಿಯ ಹೆಸರುಗಳು. ಇದು 1907ರಲ್ಲಿ ಶುರುವಾಯಿತು. ಶುರು ಮಾಡಿದವರಲ್ಲಿ ಒಬ್ಬರು ಟಿ.ಕೆ. ಗಜ್ಜರ್, ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ 1890ರಲ್ಲಿ ಬರೋಡದಲ್ಲಿ ಹುಟ್ಟಿದ ಕಲಾಭವನದ ರಸಾಯನಶಾಸ್ತ್ರದ ಮೇಷ್ಟ್ರು. ಜೊತೆಗೆ ಕೋಟಿಭಾಸ್ಕರ್ ಮತ್ತು ಬಿ.ಡಿ. ಅಮೀನ್. ಪಾಠದ ಕೋಣೆಯ ನಂಟಿನಿಂದ ಹುಟ್ಟಿದ ಕಾರ್ಖಾನೆ ಇದು. ಇಲ್ಲಿನ ಪೆನಿಸಿಲಿನ್ ಘಟಕವನ್ನು 1961ರಲ್ಲಿ ಉದ್ಘಾಟಿಸಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಕಾರ್ಖಾನೆಯ ಗೇಟಿನಿಂದ ಪೂರ್ವಕ್ಕೆ ಹೊರಟು, ರೈಲ್ವೆ ಹಳಿ ದಾಟಿ, ಕಾಲಾ ಘೋಡಾ ಸರ್ಕಲ್ಲಿನ ಪಕ್ಕದಲ್ಲಿ ವಿಶ್ವಾಮಿತ್ರಿ ನದಿಯ ಸೇತುವೆ ದಾಟಿದರೆ ಸಯಾಜಿ ಆಸ್ಪತ್ರೆ, ಅದಕ್ಕಂಟಿಕೊಂಡು 1949ರಲ್ಲಿ ಆರಂಭವಾದ ಬರೋಡಾ ಮೆಡಿಕಲ್ ಕಾಲೇಜು. ನಡುವೆ ಐದಾರು ಕಿಲೋಮೀಟರ್. ಎರಡು ತಾಸು ಆಚೆ ಅಹಮದಾಬಾದ್. ಭಾರತದಲ್ಲೇ ಕಂಡುಹಿಡಿದು, ಭಾರತದಲ್ಲೇ ಬೆಳೆಸಿ, 2013ರಲ್ಲಿ ಮಾರುಕಟ್ಟೆಗೆ ಬಂದ ಸರೋಗ್ಲಿಟಜಾರ್ ಎಂಬ ಔಷಧಿ ಅಲ್ಲಿನ ಝೈಡಸ್‌ನದು. ಮನುಷ್ಯರಿಗೆ ಕೊಡಲು ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್ಎ ಲಸಿಕೆ, 2021ರ ಝೈಕೋವ್-ಡಿ ಕೂಡ ಅಲ್ಲಿಯದೇ.

ಇಷ್ಟೆಲ್ಲ ಇದ್ದೂ, ಪ್ರಯೋಗಶಾಲೆಯಲ್ಲಿ ತಿಳಿದದ್ದು ರೋಗಿಯ ಹಾಸಿಗೆಗೆ ಬರುವ ದಾರಿ, ಹಾಸಿಗೆಯ ಬಳಿ ಕಂಡದ್ದು ಪ್ರಯೋಗಶಾಲೆಗೆ ಹೋಗುವ ದಾರಿ, ಎರಡೂ ಮುಚ್ಚಿಹೋಗಿವೆ. ಈ ಎರಡು ದಾರಿಗಳ ಓಡಾಟವನ್ನು ಟ್ರಾನ್ಸ್‌ಲೇಷನಲ್ ಮೆಡಿಸಿನ್ ಎಂದು ಕರೆಯುತ್ತಾರೆ. ದೊಡ್ಡ ಹೆಸರು. ಆದರೆ ಆ ದಾರಿಯಲ್ಲಿ ಎರಡೂ ಕಡೆಗೆ ಓಡಾಡಬಲ್ಲ ವ್ಯಕ್ತಿ ನಮ್ಮ ಆಸ್ಪತ್ರೆಗಳಲ್ಲಿ ಒಬ್ಬನೇ ಇದ್ದಾನೆ. ಅವನು ಹಗಲೂ ರಾತ್ರಿ ವಾರ್ಡಿನಲ್ಲಿರುವ ಪಿಜಿ ವಿದ್ಯಾರ್ಥಿ. ರೋಗಿಯ ಮುಖ ಅವನಿಗೆ ಗೊತ್ತು, ಪುಸ್ತಕದ ವಿಷಯ ಇನ್ನೂ ಮರೆತಿಲ್ಲ, ‘ಇದು ಹೀಗೇಕೆ’ ಎಂದು ಕೇಳುವ ವಯಸ್ಸು.

ಹಾಗೆ ಕೇಳಿದ ಒಬ್ಬ ಹುಡುಗಿಯ ಕಥೆ ಹೇಳಬೇಕು. ಮಕ್ಕಳ ವಿಭಾಗದ ಪಿಜಿ. ಗುಜರಾತಿನ ಪೂರ್ವದ ಅಂಚಿನ ಆದಿವಾಸಿ ಹಳ್ಳಿಗಳಿಂದ ಸಿಕಲ್ ಸೆಲ್ ರಕ್ತಹೀನತೆಯ ಮಕ್ಕಳು ಅವಳ ವಾರ್ಡಿಗೆ ಬರುತ್ತಿದ್ದರು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆ ಮುರಿದಂಥ ನೋವು ಕೊಡುವ ಕಾಯಿಲೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಆ ನೋವಿನ ದಾಳಿಗಳನ್ನು ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ದೊಡ್ಡ ಪ್ರಯೋಗದಿಂದ ಅದು ರುಜುವಾತಾದದ್ದು 1995ರಲ್ಲಿ. ನಮ್ಮಲ್ಲಿ ಅದು ಅಗ್ಗ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೂ ಅದೇ ಮಕ್ಕಳು ಮತ್ತೆ ಮತ್ತೆ ನೋವಿನಿಂದ ಕಿರುಚುತ್ತಾ ಬರುತ್ತಿದ್ದರು. ಕೇಸ್‌ಶೀಟಿನಲ್ಲಿ ಎಲ್ಲರೂ ಒಂದೇ ಸಾಲು ಬರೆಯುತ್ತಿದ್ದರು: ತಾಯಿ ಔಷಧಿ ಸರಿಯಾಗಿ ಕೊಡುವುದಿಲ್ಲ. ಅನಕ್ಷರಸ್ಥೆ.

ಈ ಹುಡುಗಿ ಅದನ್ನೇ ಥೀಸಿಸ್‌ಗೆ ಎತ್ತಿಕೊಂಡಳು. ತಾಯಂದಿರ ಸೆರಗಿನ ಗಂಟಿನಲ್ಲಿದ್ದ ಔಷಧಿಯ ಸ್ಟ್ರಿಪ್ ಬಿಚ್ಚಿಸಿ, ಉಳಿದ ಕ್ಯಾಪ್ಸೂಲ್ ಎಣಿಸಿದಳು. ಲೆಕ್ಕ ಹಾಕಿಕೊಂಡು ನನ್ನ ಹತ್ತಿರ ಬಂದಳು. ಅವಳು ಹೇಳಿದ್ದು ಇಷ್ಟು: ‘ಸರ್, ಕ್ಯಾಪ್ಸೂಲ್ 500 ಮಿಲಿಗ್ರಾಂನದು ಮಾತ್ರ ಸಿಗುತ್ತದೆ. ಹನ್ನೆರಡು ಕಿಲೋ ತೂಕದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 180. ಅದಕ್ಕೆ ನಾವು ಮೂರು ದಿನಕ್ಕೊಂದು ಕ್ಯಾಪ್ಸೂಲ್ ಎಂದು ಬರೆಯುತ್ತೇವೆ. ಮೂರು ವರ್ಷದ ಮಗು ಕ್ಯಾಪ್ಸೂಲ್ ನುಂಗುವುದು ಹೇಗೆ? ತಾಯಿ ಅದನ್ನು ಬಿಚ್ಚಿ, ನೀರಿಗೆ ಹಾಕಿ, ಚಮಚದಲ್ಲಿ ಅಂದಾಜಿನ ಮೇಲೆ ಕೊಡುತ್ತಾಳೆ. ಒಂದು ಮಗುವಿನ ತಾಯಿ ಈಗ ಬಸುರಿ. ಆ ಪುಡಿಯನ್ನು ಬಸುರಿ ಹೆಂಗಸು ಮುಟ್ಟಬಾರದು ಎಂದು ನಾವೇ ಓದಿದ್ದೇವೆ.’ ಅವಳು ಆ ತಾಯಿಯನ್ನು ಕರೆದುಕೊಂಡೇ ಬಂದಿದ್ದಳು. ಆಕೆ ಹೆಬ್ಬೆರಳು, ತೋರುಬೆರಳಿನ ನಡುವೆ ಕ್ಯಾಪ್ಸೂಲ್ ಹಿಡಿದು, ಹೇಗೆ ತಿರುಚಿ ಬಿಚ್ಚುತ್ತೇನೆಂದು ತೋರಿಸಿದಳು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಉಳಿದಿತ್ತು. ಅನಕ್ಷರಸ್ಥೆಯಾದ ಆ ತಾಯಿ ತಪ್ಪು ಮಾಡಿರಲಿಲ್ಲ. ಮಗುವಿಗೆ ಹೊಂದದ ಔಷಧಿಯನ್ನು ಬರೆದುಕೊಟ್ಟು, ತಾಯಿಯನ್ನು ದೂರಿದವರು ನಾವು.

ಟ್ರಾನ್ಸ್‌ಲೇಷನಲ್ ಸಂಶೋಧನೆ ಎಂದರೆ ಇದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಗೊತ್ತಿಲ್ಲ. ಅದಕ್ಕೆ ಜೀನ್ ಓದುವ ಯಂತ್ರ ಬೇಕಾಗಲಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಕಾಗಲಿಲ್ಲ. ಅವಳ ಥೀಸಿಸ್‌ಗೆ ಪರೀಕ್ಷೆಯ ದಿನ ಸಿಕ್ಕದ್ದು ಮೂರು ನಿಮಿಷ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ, ‘ಇದರಲ್ಲಿ ಹೊಸ ಮಾರ್ಕರ್ ಏನೂ ಇಲ್ಲವಲ್ಲ, ಇದೊಂದು ಪ್ರಶ್ನಾವಳಿ ಅಷ್ಟೇ’ ಎಂದರು. ಅವಳು ಪಾಸಾದಳು. ಥೀಸಿಸ್ ಗ್ರಂಥಾಲಯದ ಬೀರು ಸೇರಿತು. ಐದಾರು ಕಿಲೋಮೀಟರ್ ದೂರದಲ್ಲಿ ಔಷಧಿ ತಯಾರಿಸುವವರ ಸಾಲು ಸಾಲು ಕಾರ್ಖಾನೆಗಳಿರುವ ಊರಿನಲ್ಲಿ, ಆ ಪ್ರಶ್ನೆಯನ್ನು ಯಾರೂ ಸೇತುವೆ ದಾಟಿಸಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ನಾನು ಲೆಕ್ಕ ತಿದ್ದಿಕೊಟ್ಟು ಸುಮ್ಮನಾದೆ. ವರ್ಷಗಳ ನಂತರ, 2023ರ ಜುಲೈ 1ರಂದು, 2047ರೊಳಗೆ ಸಿಕಲ್ ಸೆಲ್ ಕಾಯಿಲೆಯನ್ನು ಇಲ್ಲವಾಗಿಸುವ ರಾಷ್ಟ್ರೀಯ ಅಭಿಯಾನ ಶುರುವಾಯಿತು. ಏಳು ಕೋಟಿ ಜನರ ತಪಾಸಣೆ ಅದರ ಗುರಿ. ಮಕ್ಕಳಿಗೆ ಕೊಡಬಹುದಾದ ಕಡಿಮೆ ಪ್ರಮಾಣದ ಹೈಡ್ರಾಕ್ಸಿಯೂರಿಯಾ ತಯಾರಿಸಲು ಮುಂದೆ ಬನ್ನಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಂಪನಿಗಳನ್ನು ಕರೆದದ್ದು 2024ರಲ್ಲಿ. ಈ ಕಾಯಿಲೆ ಭಾರತದಲ್ಲಿ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ, ನಮ್ಮ ಚಾಮರಾಜನಗರದ ಪಕ್ಕದ ಬೆಟ್ಟಗಳಲ್ಲಿ. ಮಗುವಿಗೆ ಹೊಂದುವ ಔಷಧಿ ಬೇಕು ಎಂದು ದೇಶ ಕೇಳಲು ಎಪ್ಪತ್ತು ವರ್ಷ ಬೇಕಾಯಿತು.

ಈಗ ಕೈಗುಣದ ಮಾತಿಗೆ ಬರುತ್ತೇನೆ. ಕೈಗುಣ ಸುಳ್ಳು ಎಂದು ನಾನು ಹೇಳುವುದಿಲ್ಲ. ರೋಗಿಯ ಮೈ ಮುಟ್ಟಿದ ಕ್ಷಣಕ್ಕೇ ಅರ್ಧ ತಿಳಿದುಕೊಳ್ಳುವ ವೈದ್ಯರನ್ನು ನೋಡಿದ್ದೇನೆ; ಅದು ಸಾಧನೆಯಿಂದ ಬರುತ್ತದೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಒಂದು ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಕೈಗುಣ ಉತ್ತರ ಕೊಡಲಾರದು. ನಾನು ಕೊಟ್ಟೆ, ಅವನು ಗುಣವಾದ. ಆದ್ದರಿಂದ ನಾನು ಕೊಟ್ಟದ್ದೇ ಗುಣಮಾಡಿತು. ಕೈಗುಣದ ತರ್ಕ ಇಷ್ಟೇ. ಕೊಡದಿದ್ದರೂ ಗುಣವಾಗುತ್ತಿದ್ದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಕೊಟ್ಟ ಮೇಲೂ ಸತ್ತವರನ್ನು ಅದು ಹಣೆಬರಹದ ಖಾತೆಗೆ ಹಾಕುತ್ತದೆ.

2021ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ, ಅಹಮದಾಬಾದಿನಲ್ಲಿ, ಸೂರತ್‌ನಲ್ಲಿ, ಫೋನಿನ ಮೇಲೆ ಫೋನು: ಪ್ಲಾಸ್ಮಾ ಬೇಕು, ಬಿ ಪಾಸಿಟಿವ್, ಕೋವಿಡ್ ಆಗಿ ಗುಣವಾದವರು ಯಾರಾದರೂ ಇದ್ದರೆ ಹೇಳಿ. ನಮ್ಮ ಗೋರ್ವಾದ ಸೊಸೈಟಿಯಲ್ಲಿ ಕೆಳಗಿನ ಮನೆಯ ಹುಡುಗ, ತಂದೆ ಆಕ್ಸಿಜನ್ ಮೇಲಿರುವಾಗ, ಅವರ ಪಕ್ಕದಲ್ಲಿರುವುದನ್ನು ಬಿಟ್ಟು ಎರಡು ದಿನ ಪ್ಲಾಸ್ಮಾ ಹುಡುಕುತ್ತಾ ಸ್ಕೂಟರ್ ಮೇಲೆ ಊರೆಲ್ಲ ಸುತ್ತಿದ. ಚೀಟಿ ಬರೆದುಕೊಟ್ಟವರು ಒಳ್ಳೆಯ ವೈದ್ಯರೇ. ಆದರೆ ಆ ಹೊತ್ತಿಗೆ ಉತ್ತರ ಬಂದು ಆರು ತಿಂಗಳಾಗಿತ್ತು. ಅದೂ ಹೊರದೇಶದಿಂದ ಬಂದದ್ದಲ್ಲ. ಪ್ಲಾಸಿಡ್ ಎಂಬ ಹೆಸರಿನ ಪ್ರಯೋಗವನ್ನು ನಮ್ಮ ಸಂಶೋಧನಾ ಮಂಡಳಿಯೇ 2020ರ ಏಪ್ರಿಲ್‌ನಿಂದ ಜುಲೈವರೆಗೆ ನಮ್ಮದೇ 39 ಆಸ್ಪತ್ರೆಗಳಲ್ಲಿ ನಡೆಸಿತ್ತು. 464 ರೋಗಿಗಳು. ಅರ್ಧದಷ್ಟು ಜನರಿಗೆ ಪ್ಲಾಸ್ಮಾ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಕಾಯಿಲೆ ತೀವ್ರವಾಗುವುದನ್ನಾಗಲಿ ಸಾವನ್ನಾಗಲಿ ಪ್ಲಾಸ್ಮಾ ಕಡಿಮೆ ಮಾಡಲಿಲ್ಲ. ಫಲಿತಾಂಶ ಆ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಯಾರು ಬೇಕಾದರೂ ಪುಕ್ಕಟೆ ಓದಬಹುದಿತ್ತು. ಸರ್ಕಾರದ ಚಿಕಿತ್ಸಾ ಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ಕ್ಕೆ, ಎರಡನೇ ಅಲೆಯ ಎಷ್ಟೋ ಹೆಣಗಳು ಸುಟ್ಟ ಮೇಲೆ.

ಆ ಆರು ತಿಂಗಳಲ್ಲಿ ಆ ಪ್ರಬಂಧವನ್ನು ಓದಿ, ಅದು ಏನು ಹೇಳುತ್ತಿದೆ ಎಂದು ತಿಳಿದು, ಚೀಟಿ ಬರೆಯುವ ಕೈಯನ್ನು ತಡೆಯಬಲ್ಲ ವೈದ್ಯರು ನಮ್ಮಲ್ಲಿ ಎಷ್ಟು ಜನರಿದ್ದರು? ಸಂಶೋಧನೆಯ ತರಬೇತಿ ಕೊಡುವುದು ಈ ಶಕ್ತಿಯನ್ನು. ಪ್ರತಿ ವೈದ್ಯನೂ ಹೊಸ ಔಷಧಿ ಕಂಡುಹಿಡಿಯಬೇಕೆಂದು ಯಾರೂ ಕೇಳುತ್ತಿಲ್ಲ. ತಾನೇ ಒಮ್ಮೆ ನೂರು ರೋಗಿಗಳ ಮಾಸ್ಟರ್ ಚಾರ್ಟ್, ಎಂದರೆ ಒಬ್ಬೊಬ್ಬರ ವಿವರಗಳ ಪಟ್ಟಿ, ತುಂಬಿದವನಿಗೆ, ಹೋಲಿಕೆಯ ಗುಂಪು ಇಲ್ಲದೆ ಹೋದರೆ ಲೆಕ್ಕ ಹೇಗೆ ಮೋಸ ಮಾಡುತ್ತದೆಂದು ಮೈಗೆ ಹತ್ತುತ್ತದೆ. ಬ್ರಿಟನ್ನಿನಲ್ಲಿ ಅದೇ 2020ರಲ್ಲಿ ರಿಕವರಿ ಎಂಬ ಪ್ರಯೋಗ ದೇಶದ ನೂರಾರು ಸರ್ಕಾರಿ ಆಸ್ಪತ್ರೆಗಳ ಮಾಮೂಲಿ ವಾರ್ಡುಗಳಲ್ಲೇ ನಡೆಯಿತು. ಅಲ್ಲಿನ ಕಿರಿಯ ವೈದ್ಯರು ತಮ್ಮ ಡ್ಯೂಟಿಯ ನಡುವೆಯೇ ರೋಗಿಗಳನ್ನು ಅದಕ್ಕೆ ಸೇರಿಸಿಕೊಂಡರು. ಡೆಕ್ಸಾಮೆಥಸೋನ್ ಎಂಬ ಹಳೆಯ, ಕೆಲವೇ ರೂಪಾಯಿಯ ಔಷಧಿ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದು ಪಾಲು ಇಳಿಸುತ್ತದೆ ಎಂದು ಜೂನ್‌ನಲ್ಲೇ ತಿಳಿಯಿತು. ಅಝಿಥ್ರೋಮೈಸಿನ್‌ನಿಂದ ಲಾಭವಿಲ್ಲ ಎಂದೂ ಅದೇ ಪ್ರಯೋಗ ತೋರಿಸಿತು. ನಾವು ಎರಡನೇ ಅಲೆಯಲ್ಲೂ ಅದನ್ನು ಪ್ರತಿ ಚೀಟಿಯಲ್ಲಿ ಬರೆಯುತ್ತಲೇ ಇದ್ದೆವು.

‘ನಮ್ಮಲ್ಲಿ ರೋಗಿಗಳ ಸಂಖ್ಯೆ ನೋಡಿದ್ದೀರಾ, ಪುರುಸೊತ್ತೆಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ನೋಡಿದ್ದೇನೆ. ಮೂವತ್ತಾರು ತಾಸು ನಿಂತೇ ಇದ್ದ ಹುಡುಗ ಕೇಸ್‌ಶೀಟಿನ ಮೇಲೆ ತಲೆಯಿಟ್ಟು ನಿದ್ದೆ ಹೋದದ್ದನ್ನೂ ನೋಡಿದ್ದೇನೆ. ರೆಸಿಡೆಂಟ್ ವೈದ್ಯರಿಗೆ ಒಂದೇ ಸಮನೆ 12 ತಾಸಿಗಿಂತ, ವಾರಕ್ಕೆ 48 ತಾಸಿಗಿಂತ ಹೆಚ್ಚು ಡ್ಯೂಟಿ ಹಾಕಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಅದನ್ನು ಪಾಲಿಸದೆ, ಸೇರಿಸಿಕೊಳ್ಳಬೇಕಾದ ವೈದ್ಯರನ್ನು ಸೇರಿಸಿಕೊಳ್ಳದೆ, ಪಿಜಿಗಳನ್ನು ಗಾಣಕ್ಕೆ ಕಟ್ಟಿದ ಎತ್ತಿನಂತೆ ದುಡಿಸಿ, ಕೊನೆಗೆ ಅವರಿಗೆ ಸಮಯವಿಲ್ಲ ಎಂದು ಅವರ ಕಲಿಕೆಯನ್ನೇ ಕಿತ್ತುಹಾಕುವುದು ಯಾವ ನ್ಯಾಯ? ಹೊರೆ ಇಳಿಸಬೇಕಾದದ್ದು ಡ್ಯೂಟಿಯಿಂದ.

ಇನ್ನು ನಕಲಿನ ಮಾತು. ಇದನ್ನು ನಾನು ಯಾರಿಗಿಂತಲೂ ಚೆನ್ನಾಗಿ ಬಲ್ಲೆ. ಮೆಡಿಕಲ್ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ಥೀಸಿಸ್ ‘ಪ್ಯಾಕೇಜ್’ ಸಿಗುತ್ತದೆ: ಸಿನಾಪ್ಸಿಸ್, ಹಳೆಯ ಪ್ರಬಂಧಗಳ ವಿಮರ್ಶೆ, ಲೆಕ್ಕ, ಕಪ್ಪು ರೆಕ್ಸಿನ್ ಬೈಂಡಿಂಗ್, ಮೇಲೆ ಚಿನ್ನದ ಅಕ್ಷರ. ಒಮ್ಮೆ ನನ್ನ ಮುಂದೆ ಬಂದ ಥೀಸಿಸ್‌ನಲ್ಲಿ ಗರ್ಭಿಣಿಯರ ಅಧ್ಯಯನದ ಪಟ್ಟಿಯೊಳಗೆ ಗಂಡಸರ ಹೆಸರುಗಳಿದ್ದವು. ಬೇರೆ ಯಾರದೋ ಮಾಸ್ಟರ್ ಚಾರ್ಟ್ ಹಾಗೇ ಅಂಟಿಸಿದ್ದರು. ಗೈಡ್ ಸಹಿ ಹಾಕಿದ್ದರು. ನನಗೆ ಅಂದು ಕೋಪ ಬಂದದ್ದು ಹುಡುಗನ ಮೇಲಲ್ಲ, ಆ ಸಹಿಯ ಮೇಲೆ. ಓದದೆ ಸಹಿ ಹಾಕುವ ಗೈಡ್ ಇದ್ದಾಗ ನಕಲು ಮಾಡದೆ ಇರುವ ಹುಡುಗನೇ ಅಪರೂಪ. ಗೈಡ್‌ಗಳೂ ಹಾಗೇ ಬೆಳೆದವರು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ 579 ವೈದ್ಯಕೀಯ ಸಂಸ್ಥೆಗಳನ್ನು ಪರಿಶೀಲಿಸಿತ್ತು. 2005ರಿಂದ 2014ರವರೆಗೆ ಹತ್ತು ವರ್ಷಗಳಲ್ಲಿ 332 ಸಂಸ್ಥೆಗಳಿಂದ ಒಂದೇ ಒಂದು ಸಂಶೋಧನಾ ಪ್ರಬಂಧವೂ ಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪ್ರಬಂಧ ಪ್ರಕಟಿಸಿದವು 25 ಮಾತ್ರ. ಖಾಸಗಿ ಕಾಲೇಜುಗಳು ಹೆಚ್ಚಿರುವ ಕರ್ನಾಟಕ, ಕೇರಳಗಳ ಸ್ಥಿತಿ ತೀರಾ ಕೆಟ್ಟದ್ದರಲ್ಲಿ ಸೇರಿತ್ತು. ಆ ಸಂಸ್ಥೆಗಳ ಪೈಕಿ ಎಂ.ಡಿ., ಎಂ.ಎಸ್. ಕಲಿಸುವಲ್ಲೆಲ್ಲ ಥೀಸಿಸ್ ಕಡ್ಡಾಯವಾಗಿಯೇ ಇತ್ತು. ಎಂದರೆ ಸಾವಿರಾರು ಥೀಸಿಸ್‌ಗಳು ಬರೆಯಲ್ಪಟ್ಟು, ಯಾರ ಕಣ್ಣಿಗೂ ಬೀಳದೆ ಬೀರುಗಳಲ್ಲಿ ಮಣ್ಣಾದವು.

ಈ ಅಂಕಿಗಳನ್ನು ಮುಂದಿಟ್ಟು ‘ನೋಡಿ, ಆದ್ದರಿಂದ ಥೀಸಿಸ್ ದಂಡ’ ಎನ್ನುವವರಿದ್ದಾರೆ. ಪರೀಕ್ಷೆಯಲ್ಲಿ ನಕಲು ನಡೆಯುತ್ತದೆಂದು ಯಾರಾದರೂ ಗಣಿತ ಕಲಿಸುವುದನ್ನು ನಿಲ್ಲಿಸುತ್ತಾರೆಯೇ? ಚಿಕಿತ್ಸೆ ಬೇಕಾದದ್ದು ಗೈಡ್‌ಗಳಿಗೆ, ಪರೀಕ್ಷಕರಿಗೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ ರೂಪಿಸಿದ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಈಗ ಪಿಜಿಗಳಿಗೆ ಕಡ್ಡಾಯ. ಒಳ್ಳೆಯ ಕೋರ್ಸ್. ಆದರೆ ವೀಡಿಯೊ ನೋಡಿ ಪಾಸಾದ ಹುಡುಗ ವಾರ್ಡಿಗೆ ಬಂದು ಪ್ರಶ್ನೆ ಕೇಳಿದರೆ, ‘ಅದೆಲ್ಲ ಬಿಡು, ಹಳೆಯ ಥೀಸಿಸ್ ಒಂದು ತೆಗೆದುಕೊಂಡು ಊರು ಬದಲಾಯಿಸು’ ಎನ್ನುವ ಗೈಡ್ ಎದುರು ಆ ಕೋರ್ಸ್ ಏನು ಮಾಡೀತು?

ಈ ಅಸಡ್ಡೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ವಡೋದರಾ ಜಿಲ್ಲೆಯೇ ಸಾಕ್ಷಿ. 2009ರಲ್ಲಿ ಇಲ್ಲಿಯೂ ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಎರಡೂ ಕಡೆ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರು. ಅವರಲ್ಲಿ ಏಳು ಮಂದಿ ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಾಧ್ಯತೆ ಇಲ್ಲವೆಂದು ತನಿಖೆ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ಖಮ್ಮಂ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳ ಸಹಿ, ನಮ್ಮ ಕಡೆ ಸಾವಿರಾರು ಹೆಬ್ಬೆಟ್ಟು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನೆಲ್ಲ ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದೇ. ಒಪ್ಪಿಗೆ ಪಡೆಯುವ ರೀತಿ ಕೆಟ್ಟು, ಒಳ್ಳೆಯ ಲಸಿಕೆಯ ಮೇಲೆ ಅನುಮಾನದ ಮಸಿ ಬಿತ್ತು. ಎಷ್ಟೋ ವರ್ಷ ಅದು ಹುಡುಗಿಯರಿಂದ ದೂರ ಉಳಿಯಿತು. ರೋಗಿಯ ಎದುರು ಕೂತು, ಅವರ ಭಾಷೆಯಲ್ಲಿ, ಬೇಡವೆನ್ನಲು ಅವಕಾಶ ಕೊಟ್ಟು ಒಪ್ಪಿಗೆ ಕೇಳುವುದನ್ನು ವೈದ್ಯ ಕಲಿಯುವುದು ಎಲ್ಲಿ? ಥೀಸಿಸ್‌ನಲ್ಲಿ. ಎಥಿಕ್ಸ್ ಕಮಿಟಿಯ ಎದುರು ನಿಂತು ‘ಈ ರಕ್ತ ಏಕೆ ತೆಗೆಯುತ್ತೀಯ, ಇದರಿಂದ ಆ ತಾಯಿಗೇನು’ ಎಂಬ ಪ್ರಶ್ನೆಗೆ ಬೆವರಿದವನು ಮುಂದೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಲಾರ.

ಇನ್ನೊಂದು ವಾದ ಹೆಚ್ಚು ಸಭ್ಯವಾದದ್ದು: ಸಂಶೋಧನೆಯನ್ನು ಆಸಕ್ತಿ ಇರುವ ಕೆಲವರಿಗೆ, ದೊಡ್ಡ ಸಂಸ್ಥೆಗಳಿಗೆ ಬಿಟ್ಟುಬಿಡೋಣ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟರು. ಅಲ್ಲಿ ಆಸ್ಪತ್ರೆ ಕಟ್ಟಿ, ಎಂ.ಡಿ. ಮತ್ತು ಪಿಎಚ್‌.ಡಿ. ಎರಡನ್ನೂ ಒಟ್ಟಿಗೆ ಕೊಡುವ ತರಬೇತಿ ಆರಂಭಿಸುವ ಯೋಜನೆ. ಮನಸಾರೆ ಸ್ವಾಗತಿಸುತ್ತೇನೆ. ಆದರೆ ದೇಶದಲ್ಲಿ ಪಿಜಿ ಸೀಟುಗಳು ಎಪ್ಪತ್ತು ಸಾವಿರ ದಾಟಿವೆ. ಅಂಥ ಸಂಸ್ಥೆಯಲ್ಲಿ ಕಲಿಯುವವರು ಬೆರಳೆಣಿಕೆಯಷ್ಟು. ಕ್ಯಾಪ್ಸೂಲ್ ಬಿಚ್ಚುವ ತಾಯಿ ಅವರ ವಾರ್ಡಿಗೆ ಬರುವುದಿಲ್ಲ. ಮಂಗನ ಕಾಯಿಲೆಯ ರೋಗಿಯೂ ಬರುವುದಿಲ್ಲ.

ಮಂಗನ ಕಾಯಿಲೆ ಎಂದ ಮೇಲೆ ನಮ್ಮ ನಾಡಿನದನ್ನೂ ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಪತ್ತೆ ಮಾಡಿದರು. ಆಮೇಲೆ ಲಸಿಕೆ ಬಂತು, 1990ರ ದಶಕದಿಂದ ಮಲೆನಾಡಿನ ಹಳ್ಳಿಗಳಲ್ಲಿ ಚುಚ್ಚಿದರು. ಎರಡು ಡೋಸ್, ಮೇಲೊಂದು ಬೂಸ್ಟರ್, ಮತ್ತೆ ವರ್ಷವರ್ಷವೂ. ತೋಳು ಊದಿಕೊಂಡು ನೋಯುತ್ತದೆಂದು ಜನ ಓಡಿಹೋಗುತ್ತಿದ್ದರು. ಆ ಲಸಿಕೆ ಹಳ್ಳಿಯಲ್ಲಿ ನಿಜಕ್ಕೂ ಎಷ್ಟು ಕಾಪಾಡುತ್ತಿದೆ ಎಂದು 2005ರಿಂದ 2010ರವರೆಗಿನ ದಾಖಲೆ ಹಿಡಿದು ಅಳೆದ ಅಧ್ಯಯನ ಅಚ್ಚಾದದ್ದು 2013ರಲ್ಲಿ: ಎರಡು ಡೋಸ್‌ಗೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡಾ 83ರಷ್ಟು. ಮುಂದೆ 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಆಮೇಲೆ ಲಸಿಕೆಯ ಸತ್ವವೇ ಸಾಲದೆಂದು ಅದನ್ನು ಕೈಬಿಟ್ಟರು. ಹೊಸ ಲಸಿಕೆಗೆ ಈಗ ಕಾಯುತ್ತಿದ್ದೇವೆ. ಹಾಗೆ ಅಳೆಯುವ ಕೆಲಸ ಪ್ರತಿ ವರ್ಷ ನಡೆಯಬೇಕಿತ್ತು. ಅದಕ್ಕೆ ನೊಬೆಲ್ ಪಡೆದವರು ಬೇಕಿಲ್ಲ. ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರ್ ತೆರೆದು, ಲಸಿಕೆ ಹಾಕಿಸಿಕೊಂಡವರಲ್ಲಿ ಎಷ್ಟು ಜನರಿಗೆ ಜ್ವರ, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ಎಣಿಸುವ ಪಿಜಿ ಬೇಕು. ಈಗ ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವಿದೆ. ಆ ಮೂರು ತಿಂಗಳನ್ನು ಡಾಕ್ಟರರ ಕೊರತೆ ತುಂಬಲಷ್ಟೇ ಬಳಸುತ್ತಿದ್ದೇವೆ. ಥೀಸಿಸ್‌ನ ಪ್ರಶ್ನೆ ಹುಟ್ಟಬೇಕಾದ ಜಾಗ ಅದು.

ಮೂರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಏನು ಕಂಡುಹಿಡಿದಾನು ಎಂದು ನಗುವವರಿಗೆ ಪಾಲ್ ಲಾಂಗರ್‌ಹಾನ್ಸ್‌ನ ಹೆಸರು ನೆನಪಿಸುತ್ತೇನೆ. 1869ರಲ್ಲಿ ಬರ್ಲಿನ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗ. ತನ್ನ ಪದವಿಯ ಥೀಸಿಸ್‌ಗಾಗಿ ಮೊಲದ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ದ್ವೀಪಗಳಂತೆ ಚದುರಿದ ಬೇರೆ ಬಗೆಯ ಜೀವಕೋಶಗಳನ್ನು ಗುರುತಿಸಿದ. ಅವು ಏನು ಮಾಡುತ್ತವೆ ಎಂದು ತನಗೆ ತಿಳಿಯದೆಂದು ಪ್ರಾಮಾಣಿಕವಾಗಿ ಬರೆದ. ಐವತ್ತಮೂರು ವರ್ಷಗಳ ನಂತರ, 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯಿಂದ ಸಾಯುತ್ತಿದ್ದ ಹದಿನಾಲ್ಕು ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚಲಾಯಿತು. ಅದು ಬಂದದ್ದು ಆ ದ್ವೀಪಗಳಿಂದ. ಅದನ್ನು ಬೇರ್ಪಡಿಸಿದ ಬ್ಯಾಂಟಿಂಗ್‌ನ ಜೊತೆಗಾರ ಚಾರ್ಲ್ಸ್ ಬೆಸ್ಟ್ ಕೂಡ ಆಗ ವಿದ್ಯಾರ್ಥಿಯೇ. ಇಂದು ನಮ್ಮ ಪರೀಕ್ಷೆಯ ಕೋಣೆಯಲ್ಲಿ ಯಾವ ಹುಡುಗನಾದರೂ ‘ಇದು ಏನೆಂದು ನನಗೆ ತಿಳಿಯಲಿಲ್ಲ’ ಎಂದು ಬರೆದರೆ ನಾವು ಅವನನ್ನು ಪಾಸು ಮಾಡುತ್ತೇವೆಯೇ? ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬರದಿದ್ದರೆ, ಎಂದರೆ ಫಲಿತಾಂಶ ಗಣನೀಯವೆಂದು ಲೆಕ್ಕ ತೋರಿಸದಿದ್ದರೆ, ಲೆಕ್ಕ ತಿದ್ದಿಕೊಂಡು ಬಾ ಎಂದು ವಾಪಸ್ ಕಳಿಸುವವರನ್ನು ನಾನು ಕಂಡಿದ್ದೇನೆ. ಸುಳ್ಳು ಹೇಳುವುದನ್ನು ವಿದ್ಯಾರ್ಥಿ ನಮ್ಮಿಂದಲೇ ಕಲಿಯುತ್ತಾನೆ.

ಅಕ್ಕನ ಮಗನಿಗೆ ಅಂದು ರಾತ್ರಿ ಬರೆದುಕೊಡುವವರ ವಿಳಾಸ ಕೊಡಲಿಲ್ಲ. ಅವನ ವಾರ್ಡಿನಲ್ಲಿ ಅವನಿಗೆ ಅರ್ಥವಾಗದ ಒಂದು ಸಂಗತಿ ಹೇಳು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಡಿಸ್ಚಾರ್ಜ್ ಆದ ಹಾರ್ಟ್ ಪೇಷಂಟ್ ತಿಂಗಳದಾಗ ತಿರುಗಿ ಬರ್ತಾರ ಮಾಮಾ. ಗುಳಿಗಿ ತಗೊಂಡೇವಂತಾರ. ಯಾಕ ಬರ್ತಾರ ಗೊತ್ತಾಗವಲ್ದು’ ಎಂದ. ಅದನ್ನೇ ಬರೆ ಎಂದೆ. ಬೀಗರು ಏನೂ ಹೇಳಲಿಲ್ಲ.

ಕನ್ನಡ ನಾಡಿನ ವೈದ್ಯಕೀಯ ಕಾಲೇಜುಗಳಲ್ಲಿ ಗೈಡ್ ಆಗಿರುವ ನನ್ನ ಸಹೋದ್ಯೋಗಿಗಳೇ, ಈ ವರ್ಷದ ಸಿನಾಪ್ಸಿಸ್‌ಗಳು ನಿಮ್ಮ ಮೇಜಿಗೆ ಬರುತ್ತವೆ. ಸಹಿ ಹಾಕುವ ಮೊದಲು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು, ಈ ಪ್ರಶ್ನೆ ನಿನಗೆ ಯಾವ ರೋಗಿಯ ಹಾಸಿಗೆಯ ಬಳಿ ಹುಟ್ಟಿತು ಎಂದು ಕೇಳಿ. ಉತ್ತರ ಬರದಿದ್ದರೆ ದಯವಿಟ್ಟು ಸಹಿ ಹಾಕಬೇಡಿ. ಅವನನ್ನು ವಾರ್ಡಿಗೆ ವಾಪಸ್ ಕಳಿಸಿ, ನೀವೂ ಅವನ ಜೊತೆ ಹೋಗಿ.